ಹಾನಗಲ್ ಮಷಿನ್ನಿಗೆ ಅಮಾವಾಸ್ಯೆಯ ರಜೆ

ಇವತ್ತು ಮಣ್ಣೆತ್ತಿನ ಅಮಾವಾಸ್ಯೆ, ಐದೂವರೆಗೆ ಎದ್ದೆ. ಅಂಗಳ ಗುಡಿಸಿ, ನೀರು ಹೊಡೆದು, ಹೊಸ್ತಿಲಿಗೆ ರಂಗೋಲಿ ಎಳೆದೆ. ಕಡಲೆಬೇಳೆ ಬೇಯಲು ಇಟ್ಟೆ. ಅತ್ತೆಯವರಿಗೆ ನೀರು ಕಾಸಿ ಕೊಟ್ಟು, ಅವರ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ನಮ್ಮ ಯಜಮಾನರ ಅಂಗಿಯ ಎರಡನೇ ಗುಂಡಿ ವಾರದಿಂದ ಜೋಲಾಡುತ್ತಿತ್ತು, ಅದನ್ನು ಹೊಲಿದೆ. ಗ್ಯಾಸ್ ಬುಕ್ ಮಾಡಿದೆ. ಬೆಲ್ಲ ಕುಟ್ಟಿದೆ. ಅಷ್ಟರಲ್ಲಿ ಕುಂಬಾರ ಗಂಗವ್ವ ಬುಟ್ಟಿ ಹೊತ್ತು ಬಂದಳು. ಮೊರದ ತುಂಬ ಜೋಳ ಕೊಟ್ಟು ಒಂದು ಜೊತೆ ಮಣ್ಣೆತ್ತು, ಅವು ಮೇಯಲು ಒಂದು ಮಣ್ಣಿನ ಗ್ವಾದಲಿ ತೆಗೆದುಕೊಂಡೆ. ದೇವರ ಜಗುಲಿ ಆಗಷ್ಟೇ ತೊಳೆದು ಹಸಿಯಾಗಿತ್ತು. ಸ್ವಲ್ಪ ಹೊತ್ತು ಇರಲಿ ಎಂದು ಎತ್ತುಗಳನ್ನು ಟಿ.ವಿ. ಪಕ್ಕದ ಕೇಬಲ್ ಡಬ್ಬಿಯ ಮೇಲಿಟ್ಟು ಹೂರಣ ರುಬ್ಬಲು ಹೋದೆ.

ತಿರುಗಿ ಬಂದಾಗ ಪಡಸಾಲೆಯಲ್ಲಿ ಒಂದು ವಾಸನೆ ಎದ್ದಿತ್ತು. ಡಬ್ಬಿಯ ಬಿಸಿಗೆ ಹಸಿಮಣ್ಣು ಮೆಲ್ಲಗೆ ಆರುತ್ತಿತ್ತು. ಮಳೆ ಬಿದ್ದ ನೆಲದ ವಾಸನೆಯೇ ಬೇರೆ, ಇದೇ ಬೇರೆ. ಇದರಲ್ಲಿ ಕೆರೆಯ ಕೆಸರಿನ ಜೊತೆ ಕಾದ ಪ್ಲಾಸ್ಟಿಕ್ಕು, ತಂತಿ, ಧೂಳು ಎಲ್ಲ ಬೆರೆತಿರುತ್ತದೆ. ಈ ವಾಸನೆಯನ್ನು ನಾನು ಬಾಳಿನಲ್ಲಿ ಇನ್ನೊಂದೇ ಸಲ ಮೂಸಿದ್ದೇನೆ. ಹೂರಣದ ಕೈಯಲ್ಲೇ ಅಲ್ಲಿ ನಿಂತುಬಿಟ್ಟೆ.

ಆಗ ನಾನು ಶಿಗ್ಗಾಂವದ ಬೀಜ ಬೆಳೆಗಾರರ ಸಂಘದಲ್ಲಿ ಟೈಪಿಸ್ಟ್ ಆಗಿದ್ದೆ. ದಿನಾ ತಡಸದಿಂದ ಹೈವೇ ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ. ಕನ್ನಡ ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು ಎಂದು ಕೆಲಸಕ್ಕೆ ತೆಗೆದುಕೊಂಡಿದ್ದರು. ನಾನು ಸೇರಿದ ಎರಡನೇ ವರ್ಷಕ್ಕೆ ಟೈಪ್‌ರೈಟರ್ ಅಟ್ಟಕ್ಕೆ ಹೋಗಿ ಕಂಪ್ಯೂಟರ್ ಬಂದವು. ಸಂಘದ ಕೆಲಸ ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನಲ್ಲಿ ನಡೆಯುತ್ತಿತ್ತು. ತಾಲೂಕಿಗೊಂದು ಮೇಜು, ಮೇಜಿಗೊಂದು ಕಂಪ್ಯೂಟರ್. ನಾಲ್ಕಕ್ಕೂ ತಂತಿ ಎಳೆದು ಜೋಡಿಸಿದ ಹುಬ್ಬಳ್ಳಿಯ ಮನುಷ್ಯ "ಒಂದೊಂದಕ್ಕೂ ಒಂದ ಹೆಸರಿಡಬೇಕ್ರಿ" ಅಂದಾಗ ನಾವು ಊರಿನ ಹೆಸರನ್ನೇ ಇಟ್ಟೆವು. ನನ್ನದು ಹಾನಗಲ್, ಎಲ್ಲಕ್ಕಿಂತ ಹಳೆಯ ಮಷಿನ್ನು. ಸವಣೂರಿಗೆ ಖಾದರಸಾಬರು, ಹಿರೇಕೆರೂರಿಗೆ ರೇಣುಕಾ. ಶಿಗ್ಗಾಂವ ಎಂಬ ಮಷಿನ್ನು ಕಾರ್ಯದರ್ಶಿ ವೀರನಗೌಡರ ಕೋಣೆಯಲ್ಲಿತ್ತು. ಇದ್ದ ಒಂದೇ ಪ್ರಿಂಟರು ಅದರ ಪಕ್ಕದಲ್ಲಿ. "ಹಾನಗಲ್ ಯಾಕ ಹಿಂಗ ಗುರುಗುಡತೈತಿ?" "ಸವಣೂರಿಗೆ ಇಲಿ ತಂತಿ ಕಡದೈತಿ" ಎಂದೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಹೊರಗಿನವರು ಕೇಳಿದರೆ ಊರಿಗೇ ಏನೋ ಆಗಿದೆ ಎಂದು ಗಾಬರಿ ಬೀಳಬೇಕು.

ತಂತಿ ಬಂದರೂ ಅಕ್ಷರ ಒಂದಾಗಲಿಲ್ಲ. ಈಗಿನ ಫೋನಿನ ಹಾಗೆ ಆಗ ಕನ್ನಡ ಮಷಿನ್ನಿನೊಳಗೇ ಇರುತ್ತಿರಲಿಲ್ಲ. ಫಾಂಟ್ ಎಂಬ ಅಕ್ಷರದ ಅಚ್ಚನ್ನು ಪ್ರತಿ ಮಷಿನ್ನಿಗೂ ಹಾಕಬೇಕು. ಒಂದು ಮಷಿನ್ನಿನಲ್ಲಿ ಹೊಡೆದ ಕನ್ನಡವನ್ನು ಆ ಅಚ್ಚು ಇಲ್ಲದ ಮಷಿನ್ನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕೆಗಳ ಕಲಸುಮೇಲೋಗರ ಕಾಣುತ್ತಿತ್ತು. ನಮ್ಮ ನಾಲ್ಕು ಮಷಿನ್ನಿಗೆ ನಾಲ್ವರು ಬೇರೆ ಬೇರೆ ಕಾಲದಲ್ಲಿ ಬಂದು ಬೇರೆ ಬೇರೆ ಅಚ್ಚು ತುಂಬಿಹೋಗಿದ್ದರು. ಕೆಲವದರ ಹೆಸರು ಒಂದೇ, ಒಳಗಿನ ಅಕ್ಷರ ಬೇರೆ. ರೇಣುಕಾ ಹೊಡೆದ ಹೆಸರು ಕಾರ್ಯದರ್ಶಿಗಳ ಪ್ರಿಂಟರಿನಲ್ಲಿ ಒತ್ತು ಕಳೆದುಕೊಂಡು ಬರುತ್ತಿತ್ತು. ಖಾದರಸಾಬರದಂತೂ ಬರುತ್ತಲೇ ಇರಲಿಲ್ಲ. ಹಾಗಾಗಿ ಒಂದು ವರ್ಷ ವೀರನಗೌಡರು ತೀರ್ಮಾನ ಮಾಡಿದರು: ಬೀಜದ ಚೀಲಕ್ಕೆ ಕಟ್ಟುವ ಚೀಟಿ ಇನ್ನು ಮೇಲೆ ಇಂಗ್ಲಿಷಿನಲ್ಲಿ. ಇಂಗ್ಲಿಷು ಯಾವ ಮಷಿನ್ನಿನಲ್ಲೂ ಕೆಡುವುದಿಲ್ಲವಲ್ಲ.

ಚೀಟಿ ಎಂದರೆ ಸಣ್ಣ ಮಾತಲ್ಲ. ನಮ್ಮ ಸಂಘದವರು ಬೆಂಡೆಯ ಹೈಬ್ರಿಡ್ ಬೀಜ ಬೆಳೆಯುತ್ತಿದ್ದರು. ಪ್ರತಿ ಬೆಳೆಗಾರರಿಗೂ ಎರಡು ಚೀಲ: ಒಂದು ಗಂಡು, ಒಂದು ಹೆಣ್ಣು. ಹೆಣ್ಣಿನ ಸಾಲು ಹೆಚ್ಚು, ಗಂಡಿನ ಸಾಲು ಕಡಿಮೆ. ಹೂ ಬಿಟ್ಟಾಗ ಗಂಡಿನ ಪುಡಿಯನ್ನು ಹೆಣ್ಣಿನ ಹೂವಿಗೆ ಕೈಯಿಂದ ಮುಟ್ಟಿಸಬೇಕು. ಬೀಜ ಅಂಗೈಯಲ್ಲಿ ಹಿಡಿದರೆ ಎರಡೂ ಒಂದೇ ಕಂದು, ಒಂದೇ ಗುಂಡು. ಯಾವುದು ಯಾವುದೆಂದು ಹೇಳುವುದು ಚೀಟಿ ಮಾತ್ರ.

ಆ ವರ್ಷದ ಬೆಳೆಯ ಕೊನೆಗೆ ಹಿರೇಕೆರೂರು ಕಡೆಯ ಯಲ್ಲವ್ವ ಎಂಬುವಳು ನಮ್ಮ ಕಚೇರಿಗೆ ಬಂದಳು. ನಾಲ್ಕನೇ ಇಯತ್ತೆಯ ತನಕ ಓದಿದ ಹೆಂಗಸು. ಸೆರಗಿನ ಗಂಟು ಬಿಚ್ಚಿ ಎರಡು ಚೀಟಿ ನನ್ನ ಮೇಜಿನ ಮೇಲಿಟ್ಟಳು.

"ಅಕ್ಕಾ, ಇದರಾಗ ಗಂಡ ಯಾವುದು, ಹೆಣ್ಣ ಯಾವುದು? ಓದಿ ಹೇಳು."

ಹೇಳಿದೆ. ಅವಳು ಎರಡನ್ನೂ ಬೆರಳಿನಿಂದ ಅದಲುಬದಲು ಮಾಡಿದಳು.

"ನಾ ಹಿಂಗ ತಿಳಕೊಂಡ ಬಿತ್ತಿದ್ನಿ. ಸಾಲೆಲ್ಲಾ ಉಲ್ಟಾ ಆದ್ವು. ತಪಾಸಣಿ ಸಾಹೇಬ್ರು ಬಂದು ಈ ಹೊಲದ ಬೀಜಾನ ಬ್ಯಾಡಂದ್ರು. ನನಗ ಓದಾಕ ಬರೂದಿಲ್ಲಂತ ಓಣಿ ತುಂಬ ಆಡಕೊಂಡ್ರು. ನನಗ ಓದಾಕ ಬರತೈತಿ ಅಕ್ಕಾ. ಇದು ಬರೂದಿಲ್ಲ ಅಷ್ಟ."

ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ. ನೀರು ಕುಡಿದು ಬಸ್ಸಿಗೆ ಹೋದಳು. ಆ ಎರಡು ಚೀಟಿ ನನ್ನ ಮೇಜಿನ ಗಾಜಿನ ಕೆಳಗೆ ಉಳಿದವು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೆಲ್ಲ ರೊಟ್ಟಿಯ ಪಕ್ಕದಲ್ಲೇ ಕಾಣುತ್ತಿದ್ದವು.

ಮರುವರ್ಷ ರೋಹಿಣಿ ಮಳೆ ಶುರುವಾದ ವಾರ ನಾನು ವೀರನಗೌಡರ ಕೋಣೆಗೆ ಹೋಗಿ ನಿಂತೆ. ಅವರೇನು ಕೆಟ್ಟವರಲ್ಲ. ಒಂದು ಕೆಲಸ ಒಮ್ಮೆ ಸುಸೂತ್ರವಾಯಿತೆಂದರೆ ಅದನ್ನು ಮತ್ತೆ ಅಲುಗಾಡಿಸಬಾರದು ಎನ್ನುವ ಪೈಕಿ.

"ಸರ್, ಈ ಸಲ ಚೀಟಿ ಕನ್ನಡದಾಗ ಮಾಡೂಣ್ರಿ."

"ನಾಲ್ಕ ಮಷಿನ್ನಿಗೆ ನಾಲ್ಕ ಅಕ್ಷರ ಅದಾವ ಗಿರಿಜವ್ವಾರ. ನಾ ಏನ್ ಮಾಡ್ಲಿ?"

"ಒಂದ ಮಾಡ್ತೇನ್ರಿ."

"ಹುಬ್ಬಳ್ಳಿ ಇಂಜಿನಿಯರನ ಕಡೆ ಆಗಿಲ್ಲ. ನೀವ ಟೈಪ್ ಮಾಡೂ ಹೆಣ್ಮಕ್ಕಳು."

"ಅದಕ್ಕರೀ ನನಗ ಅಕ್ಷರ ಗೊತ್ತದಾವ. ಅವರಿಗೆ ತಂತಿ ಅಷ್ಟ ಗೊತ್ತೈತಿ."

ಇದು ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ತಿಳಿಯದು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಿರೇಕೆರೂರವರು ಬೀಜ ಒಯ್ಯಾಕ ಮಣ್ಣೆತ್ತಿನ ಅಮಾಸಿ ದಿನಾ ಬರ್ತಾರ. ಅವರ ಗಾಡಿ ಹೊಂಡೂದರಾಗ ಚೀಲಕ್ಕ ಚೀಟಿ ಕಟ್ಟಿರಬೇಕು. ಆಗಲಿಲ್ಲಂದ್ರ ಇಂಗ್ಲಿಷ್. ಮುಂದ ಯಾವತ್ತೂ ಈ ಮಾತ ತೆಗೀಬಾರದು" ಅಂದರು.

ಹೊರಗೆ ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ಹಿಂದಿನ ಗೋದಾಮಿನಿಂದ ಬೀಜಕ್ಕೆ ಹಚ್ಚಿದ ಔಷಧಿಯ ಘಾಟು ಬರುತ್ತಿತ್ತು. ನಾನು ಮೊದಲು ಒಂದು ಹಾಳೆ ತಯಾರು ಮಾಡಿದೆ. ಕ್ಷ, ಜ್ಞ, ಷ್ಟ್ರ, ರ್ಯ, ಳ್ಳಿ, ಹೀಗೆ ನಮ್ಮ ಕಡೆಯ ಊರು, ಅಡ್ಡಹೆಸರುಗಳಲ್ಲಿ ಬರುವ ಕಷ್ಟದ ಅಕ್ಷರಗಳನ್ನೆಲ್ಲ ಅದರಲ್ಲಿ ಹೊಡೆದೆ. ಅದೇ ಹಾಳೆಯನ್ನು ನಾಲ್ಕೂ ಮಷಿನ್ನಿನ ಪ್ರತಿ ಅಚ್ಚಿನಲ್ಲೂ ಪ್ರಿಂಟು ತೆಗೆದು ಗೋಡೆಗೆ ಹಚ್ಚಿದೆ. ಒಂದರಲ್ಲಿ ಒತ್ತು ಮೇಲೇರಿತ್ತು, ಇನ್ನೊಂದರಲ್ಲಿ ದೀರ್ಘ ದೂರ ನಿಂತಿತ್ತು. ವಧುಪರೀಕ್ಷೆ ಮಾಡಿದ ಹಾಗೆ ಖಾದರಸಾಬರು, ರೇಣುಕಾ, ನಾನು ಮೂವರೂ ನಿಂತು ನೋಡಿದೆವು. ಕೊನೆಗೆ ನಾಲ್ಕೂ ಮಷಿನ್ನಿಗೆಂದೇ ಸಂಘ ಕೊಂಡಿದ್ದ ಒಂದು ಸಿ.ಡಿ. ಬೀರುವಿನಲ್ಲಿ ರಬ್ಬರು ಸ್ಟಾಂಪುಗಳ ಕೆಳಗೆ ಸಿಕ್ಕಿತು. ಯಾರೂ ಪೂರ್ತಿ ಬಿಚ್ಚಿ ನೋಡಿರಲೇ ಇಲ್ಲ. ಅದರಲ್ಲಿದ್ದ ಒಂದು ದುಂಡನೆಯ ಅಚ್ಚು, ಶಾಲೆಯ ಕನ್ನಡ ಪುಸ್ತಕದ ಅಕ್ಷರದ ಹಾಗೆ, ಮೂವರಿಗೂ ಒಪ್ಪಿಗೆಯಾಯಿತು.

"ಇದನ್ನ ಯಲ್ಲವ್ವ ಓದ್ತಾಳ" ಅಂದಳು ರೇಣುಕಾ.

ಹಳೆಯ ಅಚ್ಚುಗಳನ್ನೆಲ್ಲ ಒಂದೊಂದಾಗಿ ತೆಗೆದೆ. ಹೊಸದನ್ನು ನನ್ನ ಹಾನಗಲ್ ಮಷಿನ್ನಿನಲ್ಲಿ ಅಕ್ಷರ ಎಂಬ ಹೆಸರಿನ ಫೋಲ್ಡರಿನಲ್ಲಿ, ಅಂದರೆ ಮಷಿನ್ನಿನೊಳಗಿನ ಒಂದು ಕಪಾಟಿನಲ್ಲಿಟ್ಟು, ತಂತಿಯ ಮೇಲೆ ಎಲ್ಲರಿಗೂ ಅದರ ಬಾಗಿಲು ತೆರೆದೆ. ಉಳಿದ ಮೂರು ಮಷಿನ್ನಿಗೆ ಅಲ್ಲಿಂದ ಅಚ್ಚು ಸೇರಿಸುವಾಗ ಪರದೆಯ ಮೇಲೆ ಒಂದು ಸಣ್ಣ ಚೌಕ ಬಂತು. ಅಚ್ಚನ್ನು ಈ ಮಷಿನ್ನಿಗೂ ನಕಲು ಮಾಡಿಕೊಳ್ಳಲೇ ಎಂದು ಅದರ ಕೇಳಿಕೆ. ಮೊದಲೇ ಸರಿ ಗುರುತು ಹಾಕಿತ್ತು. ನಾನು ಯೋಚಿಸಿ ಆ ಗುರುತನ್ನು ಅಳಿಸಿದೆ. ನಾಲ್ಕು ಕಡೆ ನಾಲ್ಕು ನಕಲು ಆದದ್ದಕ್ಕೇ ಅಲ್ಲವೇ ಇಷ್ಟೆಲ್ಲ ಗೊಂದಲ? ಅಡುಗೆ ಒಂದೇ ಒಲೆಯ ಮೇಲಾಗಲಿ, ಬಡಿಸಿಕೊಳ್ಳುವವರು ಅಲ್ಲಿಂದಲೇ ಬಡಿಸಿಕೊಳ್ಳಲಿ. ಮೂರೂ ಮಷಿನ್ನು ಬೇಕಾದಾಗ ಹಾನಗಲ್ಲಿನಿಂದಲೇ ಅಕ್ಷರ ತರಿಸಿಕೊಳ್ಳುವ ಹಾಗೆ ಮಾಡಿದೆ. ನನ್ನ ಲೆಕ್ಕಾಚಾರ ನನಗೇ ಬಹಳ ಚಂದ ಕಂಡಿತು. ಯಾರಿಗೂ ಬಿಡಿಸಿ ಹೇಳಲಿಲ್ಲ.

ಹಾನಗಲ್ಲಿನ ಚೀಟಿ ಬಂತು, ಸವಣೂರಿನದು ಬಂತು, ಶಿಗ್ಗಾಂವದ್ದೂ ಬಂತು. ಖಾದರಸಾಬರು ತಮ್ಮ ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದು, "ಏನ್ ಅಕ್ಕಾರ, ಸವಣೂರ ಎಲಿ ಜೋಡಿಸಿ ಇಟ್ಟಂಗ ಅದಾವಲ್ರೀ ಅಕ್ಷರ! ಸುಣ್ಣಾ ಹಚ್ಚಿ ಬಾಯಾಗ ಹಾಕೋಬೇಕು ಅನಸತೈತಿ" ಅಂದರು. ಹಿರೇಕೆರೂರಿನದೊಂದೇ ಬಾಕಿ. ಅಲ್ಲಿನ ಬೆಳೆಗಾರರ ಪಟ್ಟಿ ಅಮಾವಾಸ್ಯೆಯ ಹಿಂದಿನ ಸಂಜೆ ಕೈಸೇರಿತು. ರೇಣುಕಾ ಅಲ್ಲೇ ಕುಳಿತು ಹೆಸರುಗಳನ್ನೆಲ್ಲ ಹೊಡೆದಿಟ್ಟಳು. ಬೆಳಿಗ್ಗೆ ಪ್ರಿಂಟು ತೆಗೆದರೆ ಮುಗಿಯಿತು.

ಅಮಾವಾಸ್ಯೆಯ ದಿನ ಎತ್ತಿಗೆ ಯಾರೂ ನೊಗ ಹಾಕುವುದಿಲ್ಲ. ಅದಕ್ಕೇ ಆ ದಿನ ಎಲ್ಲರಿಗೂ ಬಿಡುವು, ಅದಕ್ಕೇ ಅವರು ಬೀಜಕ್ಕೆ ಬರುತ್ತೇವೆ ಎಂದದ್ದು. ಮರುದಿನವೇ ಬಿತ್ತಬೇಕು, ಹದ ಕಾಯುವುದಿಲ್ಲ. ನಾನು ಮನೆಯ ಪೂಜೆ ಮುಗಿಸಿ ತಡವಾಗಿ ಬರಲು ಅಪ್ಪಣೆ ಪಡೆದಿದ್ದೆ. ಕಚೇರಿ ಮುಟ್ಟಿದಾಗ ಹನ್ನೊಂದೂ ಕಾಲು. ಮೆಟ್ಟಿಲಲ್ಲೇ ರೇಣುಕಾ ಎದುರಾದಳು.

"ಗಿರಿಜಕ್ಕಾ, ಲಗೂನ ಬರ್ರಿ. ಅಕ್ಷರ ಎಲ್ಲಾ ಓಡಿ ಹೋಗ್ಯಾವ!"

ಅವಳ ಪರದೆಯ ಮೇಲೆ ಹೆಸರುಗಳಿದ್ದ ಕಡೆ ಬರೀ ಕಲಸುಮೇಲೋಗರ. ಖಾದರಸಾಬರು ತಮ್ಮ ಮಷಿನ್ನಿನಲ್ಲೂ ತೆರೆದು ನೋಡಿದ್ದರು, ಅಲ್ಲೂ ಅದೇ ಗತಿ.

"ಯಲ್ಲವ್ವನ ಹೆಸರ ನೋಡ್ರಿಲ್ಲೆ ಅಕ್ಕಾರ. ಒಂದ ಡಾಲರು, ಎರಡ ಗೆರಿ, ಮ್ಯಾಲೊಂದ ಆಶ್ಚರ್ಯದ ಗುರುತು. ನಮ್ಮ ಸವಣೂರ ನವಾಬರ ದರ್ಬಾರದಾಗೂ ಯಾರಿಗೂ ಹಿಂಗ ಕರದಿಲ್ಲ ಬಿಡ್ರಿ."

ನನಗೆ ನಗು ಬರಲಿಲ್ಲ. ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹೋದ ವರ್ಷದ ಇಂಗ್ಲಿಷ್ ಚೀಟಿಯ ನಮೂನೆ.

"ಮೂರಕ್ಕ ಟೆಂಪೋ ಬರತೈತಿ ಗಿರಿಜವ್ವಾರ. ಚೀಟಿ ಇಲ್ಲದ ಬೀಜ ಕೊಡಾಕ ಬರೂದಿಲ್ಲ. ಒಂದರ ಮಟಾ ನೋಡ್ತೇನಿ, ಆಮ್ಯಾಲ ಇದನ್ನ ತೆಗೀತೇನಿ."

ನನ್ನ ಮೇಜಿನ ಕಡೆ ತಿರುಗಿದೆ. ಹಾನಗಲ್ ಮಷಿನ್ನಿನ ಮೈಗೆ ಹಸಿರು ಖಣ ಹೊದಿಸಿತ್ತು. ಪರದೆಯ ಹಣೆಗೆ ವಿಭೂತಿ, ಅದರ ನಡುವೆ ಕುಂಕುಮ. ಸಿ.ಪಿ.ಯು. ಡಬ್ಬಿಯ ನೆತ್ತಿಯ ಮೇಲೆ ಒಂದು ಜೊತೆ ಮಣ್ಣೆತ್ತು, ಮುಂದೆ ಗ್ವಾದಲಿ, ಗ್ವಾದಲಿಯೊಳಗೆ ನಾಲ್ಕು ಕಾಳು ಜೋಳ, ಹಸಿರು ಹುಲ್ಲು. ಪ್ಲಗ್ಗು ಕಿತ್ತು, ತಂತಿಯನ್ನು ಹಗ್ಗದ ಹಾಗೆ ಸುತ್ತಿ ಪಕ್ಕದಲ್ಲಿಟ್ಟಿತ್ತು. ಊದುಬತ್ತಿ ಇನ್ನೂ ಅರ್ಧ ಉಳಿದಿತ್ತು. ಪಕ್ಕದಲ್ಲಿ ನಮ್ಮ ಕಚೇರಿಯ ಜವಾನ ದ್ಯಾಮಣ್ಣ, ಅರವತ್ತಕ್ಕೆ ಹತ್ತಿರದ ಮನುಷ್ಯ, ಶುಭ್ರ ರುಮಾಲು ಸುತ್ತಿಕೊಂಡು ಕೈಮುಗಿದು ನಿಂತಿದ್ದ.

"ದ್ಯಾಮಣ್ಣ, ಇದೇನಪಾ?"

"ಪೂಜಿ ಅಕ್ಕಾರ. ನಾಲ್ಕರಾಗ ಹಿರೇ ಎತ್ತು ಇದ. ಎಲ್ಲಾದಕ್ಕಿಂತ ಮೊದಲ ಬಂದೈತಿ, ಎಲ್ಲಾದಕ್ಕಿಂತ ಹೆಚ್ಚ ದುಡದೈತಿ. ಹಿರೇದಕ್ಕ ಮಾಡಿದ್ರ ನಾಲ್ಕಕ್ಕೂ ಮುಟ್ಟತೈತಿ. ಉಳದವು ಬೇಕಾದ್ರ ದುಡೀಲಿ, ಇದಕ್ಕ ಇವತ್ತೊಂದಿನಾ ನೊಗಾ ಬ್ಯಾಡ."

ಆಗ ನನಗೆ ಪೂರ್ತಿ ತಿಳಿಯಿತು. ಒಲೆಗೇ ನೀರು ಬಿದ್ದಿತ್ತು. ಮೂರೂ ಮಷಿನ್ನು ಬೆಳಿಗ್ಗೆ ಎದ್ದು ಅಕ್ಷರಕ್ಕಾಗಿ ಹಾನಗಲ್ಲಿನ ಬಾಗಿಲು ಬಡಿದಿವೆ, ಹಾನಗಲ್ಲಿಗೆ ಹಬ್ಬದ ರಜೆ. ದ್ಯಾಮಣ್ಣನದು ತಪ್ಪಲ್ಲ. ಅಮಾವಾಸ್ಯೆಯ ದಿನ ದುಡಿಯುವ ಎತ್ತಿಗೆ ಬಿಡುವು ಕೊಡುವುದು ಅವನ ಧರ್ಮ. ಆ ಒಂದು ಮಷಿನ್ನಿನ ಮೇಲೆ ಉಳಿದ ಮೂರು ನಿಂತಿವೆ ಎಂಬುದನ್ನು ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡವಳು ನಾನು. ಕಾರ್ಯದರ್ಶಿಗಳಿಗೆ ಎರಡು ಮಾತಿನಲ್ಲಿ ವಿಷಯ ತಿಳಿಸಿದೆ.

"ಪ್ಲಗ್ ಹಾಕ್ರಿ, ಮುಗೀತು" ಅಂದರು ಕಾರ್ಯದರ್ಶಿಗಳು.

ದ್ಯಾಮಣ್ಣ ಅಡ್ಡ ಬರಲಿಲ್ಲ. ಆದರೆ ಅವನ ಮುಖ ನೋಡಿ ನನ್ನ ಕೈ ಮುಂದೆ ಹೋಗಲಿಲ್ಲ. ಹತ್ತು ವರ್ಷ ನಮಗೆಲ್ಲ ಚಹಾ ಕೊಟ್ಟವನು, ಮಳೆ ಬಂದರೆ ಬಸ್‌ಸ್ಟ್ಯಾಂಡಿನ ತನಕ ಕೊಡೆ ಹಿಡಿದು ಬಂದವನು. ಅವನ ದೇವರನ್ನು ಅವನೆದುರೇ ಎಬ್ಬಿಸಿ ನೊಗಕ್ಕೆ ಕಟ್ಟುವುದು ನನ್ನಿಂದಾಗದು. ಖುರ್ಚಿ ಎಳೆದು ಅವನ ಪಕ್ಕ ಕುಳಿತೆ.

"ದ್ಯಾಮಣ್ಣ, ನಿಮ್ಮ ಮನ್ಯಾಗ ಅಮಾಸಿ ದಿನಾ ಎತ್ತಿಗೆ ಏನ್ ಮಾಡ್ತೀಪಾ?"

"ಮೈ ತೊಳೀತೇನ್ರಿ. ಹೊಟ್ಟಿ ತುಂಬ ಮೇವ ಹಾಕ್ತೇನಿ."

"ಮಲಗಸ್ತೀ ಏನು?"

"ಎತ್ತಿಗ್ಯಾಕ್ರೀ ಮಲಗಸೂದು? ಅದು ತಾನ ಕೊಟ್ಟಿಗ್ಯಾಗ ನಿಂದರತೈತಿ. ನಿಂತ ಮೇಯತೈತಿ."

"ನೊಗಾ ಅಷ್ಟ ಹಾಕೂದಿಲ್ಲ."

"ನೊಗಾ ಹಾಕೂದಿಲ್ಲ."

"ಹಂಗಾರ ಇದೂ ನಿಂದರ್ಲಿ. ನಾ ಅದರ ಮುಂದ ಕುಂಡ್ರೂದಿಲ್ಲ. ಒಂದ ಗುಂಡೀನೂ ಒತ್ತೂದಿಲ್ಲ. ಯಾರೂ ಮುಟ್ಟೂದಿಲ್ಲ. ಎದ್ದ ನಿಂತ್ರ ಸಾಕು, ದುಡಿಯೂದನ್ನ ಉಳದ ಮೂರ ದುಡೀತಾವ."

ದ್ಯಾಮಣ್ಣ ರುಮಾಲು ಸರಿಮಾಡಿಕೊಂಡ. "ಬರೇ ನಿಂದ್ರೂದು?"

"ಬರೇ ನಿಂದ್ರೂದು."

"ನಿಂತ್ರ ಅವಕ್ಕೇನ ಲಾಭಾರೀ?"

"ಅವಕ್ಕ ಬೇಕಾದ ಅಕ್ಷರ ಇದರ ಕಡೆ ಅದಾವ. ಅವ ಬಂದ ತಾವ ತಗೋತಾವ."

"ಅಂದ್ರ ಕರಾ ಬಂದ ಹಾಲ ಕುಡದಂಗ?"

"ಏ ದ್ಯಾಮಣ್ಣ" ಎಂದು ಖಾದರಸಾಬರು ಬಾಯಿ ಹಾಕಿದರು. "ಎತ್ತು ಅಂತೀ, ಹಾಲು ಅಂತೀ. ಒಂದ ಏನರ ಹೇಳಪಾ. ನಮ್ಮ ಮನಿ ಎತ್ತೂ ಇವತ್ತ ರಜಾದಾಗ ಐತಿ, ಆದ್ರ ನಿಂತ ಐತಿ. ನಾ ನೋಡೇ ಬಂದೇನಿ."

ದ್ಯಾಮಣ್ಣನ ಮೀಸೆಯಡಿ ಸಣ್ಣಗೆ ನಗು ಬಂತು. "ನಿಂದರಾಕ ಅಡ್ಡಿ ಇಲ್ಲರೀ ಅಕ್ಕಾರ. ಆದ್ರ ಎಬ್ಬಸಾಂವ ನಾ."

ಅವನು ತೆಂಗಿನಕಾಯಿ ತಂದು ಇಳಿತೆಗೆದು ಹೊರಗೆ ಒಡೆದು ಬಂದ. ತಂತಿಯ ಸುತ್ತು ಬಿಚ್ಚಿದ. ಪ್ಲಗ್ಗು ಹಾಕಿ, ಖಣದ ಅಂಚನ್ನು ಮೆಲ್ಲಗೆ ಸರಿಸಿ, ಹಣೆಗೆ ಕೈ ಮುಟ್ಟಿಸಿಕೊಂಡು ಗುಂಡಿ ಒತ್ತಿದ. ಮಣ್ಣೆತ್ತುಗಳನ್ನು ಇಳಿಸಲಿಲ್ಲ. ಹಾನಗಲ್ ಒಮ್ಮೆ ಗುರುಗುಟ್ಟಿತು, ಪರದೆ ಬೆಳಗಿತು. ಡಬ್ಬಿ ಬಿಸಿಯಾಗುತ್ತ ಹೋದ ಹಾಗೆ ಅದರ ನೆತ್ತಿಯ ಮೇಲಿನ ಹಸಿಮಣ್ಣಿನಿಂದ ಆ ವಾಸನೆ ಎದ್ದಿತು. ಕೆರೆಯ ಕೆಸರು, ಕಾದ ತಂತಿ, ಧೂಳು, ಊದುಬತ್ತಿ.

ಉಳಿದ ಮೂರನ್ನೂ ಒಮ್ಮೆ ಆರಿಸಿ ಹಚ್ಚಲು ಹೇಳಿದೆ. ಎದ್ದ ಗಳಿಗೆಯಲ್ಲೇ ಅವು ಅಕ್ಷರ ಹುಡುಕಿಕೊಳ್ಳುವುದು. ಮೊದಲು ಕಾರ್ಯದರ್ಶಿಗಳ ಶಿಗ್ಗಾಂವ, ಆಮೇಲೆ ಸವಣೂರು, ಕೊನೆಗೆ ಹಿರೇಕೆರೂರು. ರೇಣುಕಾ ಪಟ್ಟಿ ತೆರೆದಳು. ನಾನು ಪರದೆಯ ಕಡೆ ನೋಡಲಿಲ್ಲ, ಅವಳ ಮುಖ ನೋಡಿದೆ. ಅವಳ ತುಟಿ ಅಲುಗಾಡತೊಡಗಿತು. ಓದುತ್ತಿದ್ದಳು! ಓದಲು ಬರುತ್ತಿದೆ ಎಂದರೆ ಅಕ್ಷರ ಬಂದಿವೆ ಎಂದೇ ಅರ್ಥ.

ಆಮೇಲೆ ನಡೆದದ್ದು ಮದುವೆ ಮನೆಯ ಕೆಲಸ. ಪ್ರಿಂಟರು ಹಾಳೆ ಉಗುಳಿದ ಹಾಗೆ ರೇಣುಕಾ ತಂದುಕೊಟ್ಟಳು, ನಾನು ಒಂದೊಂದು ಹೆಸರನ್ನೂ ಪಟ್ಟಿಗೆ ತಾಳೆ ಹಾಕಿದೆ. ಖಾದರಸಾಬರು ಕತ್ತರಿಸಿ ತೂತು ಹೊಡೆದರು, ದ್ಯಾಮಣ್ಣ ದಾರ ಪೋಣಿಸಿದ. ಕಾರ್ಯದರ್ಶಿಗಳು ಒಂದು ಗಂಟೆಗೆ ಬಂದು ನೋಡಿ, ಇಂಗ್ಲಿಷ್ ನಮೂನೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಒಂದೂವರೆಗೆ ಬಂದು ಅಂಗಿಯ ತೋಳು ಮಡಚಿ ಚೀಲಕ್ಕೆ ಚೀಟಿ ಕಟ್ಟಲು ಕುಳಿತರು. ಗಂಟು ಹಾಕುವುದರಲ್ಲಿ ಬಹಳ ಚುರುಕು. ನಾನು ಕೊಟ್ಟ ಮಾತಿನಂತೆ ನನ್ನ ಮೇಜಿಗೆ ಹೋಗಲಿಲ್ಲ. ಇದ್ದ ಖುರ್ಚಿಗಳಲ್ಲಿ ಉಳಿದವರು ಕುಳಿತಿದ್ದರು. ಅವತ್ತು ಇಡೀ ದಿನ ಹಾನಗಲ್ ನಿಂತಿತ್ತು, ನಾನೂ ನಿಂತಿದ್ದೆ.

ಮೂರಕ್ಕೆ ಐದು ನಿಮಿಷ ಇದ್ದಾಗ ಕೊನೆಯ ಗಂಟು ಬಿತ್ತು. ಮೂರೂ ಹತ್ತಕ್ಕೆ ಟೆಂಪೋ ಬಂತು. ಬೀಜ ಒಯ್ಯಲು ಬಂದವರಲ್ಲಿ ಯಲ್ಲವ್ವನೂ ಇದ್ದಳು. ಸಂಘ ಅವಳಿಗೆ ಇನ್ನೊಂದು ವರ್ಷ ಕೊಟ್ಟಿತ್ತು, ಇದೇ ಕೊನೆ ಎಂದು ಹೇಳಿ. ಅವಳ ಹೆಸರು ಕರೆದಾಗ ಬಂದು ಎರಡು ಚೀಲದ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ರೇಣುಕಾ "ಇದು ಹೆಣ್ಣು..." ಅನ್ನುವಷ್ಟರಲ್ಲಿ ಕೈ ಎತ್ತಿ ತಡೆದಳು.

"ನೀ ಹೇಳಬ್ಯಾಡ."

ಚೀಟಿಯನ್ನು ಅಂಗೈಯಲ್ಲಿ ಹರವಿ, ಅಕ್ಷರದ ಕೆಳಗೆ ಬೆರಳಿಟ್ಟಳು. "ಹೆ... ಣ್ಣು. ಹೆಣ್ಣು." ಬೆರಳು ಮುಂದೆ ಸರಿಯಿತು. "ಯಲ್ಲವ್ವ." ಆಮೇಲೆ ಊರು, ಬೀಜದ ತಳಿ, ಹಾಕಬೇಕಾದ ಸಾಲು. ಎರಡನೇ ಚೀಲ. "ಗಂಡು." ಟೆಂಪೋದವನು ಹಾರ್ನು ಹೊಡೆಯುತ್ತಿದ್ದ. ಅವಳು ಎದ್ದು ಕಾರ್ಯದರ್ಶಿಗಳ ಕಡೆ ತಿರುಗಿದಳು.

"ಸಾಹೇಬ್ರ, ಈ ವರ್ಷ ತಪ್ಪಾದ್ರ ಅದು ನನ್ನ ತಪ್ಪು. ಒಪ್ಪಕೋತೇನಿ. ಹ್ವಾದ ವರ್ಷದ್ದು ಯಾರದಂತ ನನಗ ಇನ್ನೂ ತಿಳಿದಿಲ್ಲ."

ವೀರನಗೌಡರು ಅವಳ ಒಂದು ಚೀಲವನ್ನು ತಾವೇ ಎತ್ತಿ ಟೆಂಪೋದಲ್ಲಿಟ್ಟು ಬಂದರು.

ಆ ಸಂಜೆ ಮನೆಗೆ ಬಂದು ಅತ್ತೆಯವರಿಗೆ ಎಲ್ಲ ಹೇಳಿದೆ. ಕಂಪ್ಯೂಟರನ್ನು ಕಣ್ಣಿಂದ ಕಂಡವರಲ್ಲ ಅವರು. ನಾನು ಹಿಗ್ಗಿನಲ್ಲಿ ಹೇಳುತ್ತಿದ್ದರೆ ಅಡಿಕೆ ಕತ್ತರಿಸುತ್ತ ಕೇಳಿ, "ಒಲ್ಯಾಗ ಕೆಂಡಾ ಮುಚ್ಚಿಟ್ಟೇನಿ ಅಂತ ಮನೀ ಮಂದಿಗೆ ಹೇಳಬೇಕಿಲ್ಲವಾ? ಇಲ್ಲಂದ್ರ ಯಾರರ ನೀರ ಸುರೀತಾರ" ಅಂದರು. ಅಷ್ಟು ಉದ್ದದ ದಿನಕ್ಕೆ ಅಷ್ಟೇ ಮಾತು. ಮರುದಿನ ಹೋಗಿ ಮೊದಲು ಮೂರೂ ಮಷಿನ್ನಿನಲ್ಲಿ ಆ ಸಣ್ಣ ಚೌಕಕ್ಕೆ ಸರಿ ಗುರುತು ಹಾಕಿದೆ. ಒಲೆ ಒಂದೇ ಇರಲಿ, ಪ್ರತಿಯೊಬ್ಬರ ಹತ್ತಿರ ಒಂದು ಬುತ್ತಿಯೂ ಇರಲಿ. ಆಮೇಲೆ ದೊಡ್ಡ ದುಂಡನೆಯ ಅಕ್ಷರದಲ್ಲಿ ಒಂದು ಚೀಟಿ ಪ್ರಿಂಟು ತೆಗೆದು ಹಾನಗಲ್ಲಿನ ಮೈಗೆ ಅಂಟಿಸಿದೆ: "ಅಕ್ಷರ ಇಲ್ಲಿಂದ ಹೋಗುತ್ತದೆ. ಅಮಾವಾಸ್ಯೆಯ ದಿನವೂ ನಿಂತಿರಲಿ. ನೊಗ ಹಾಕಬೇಡಿ." ದ್ಯಾಮಣ್ಣ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿ ತಲೆದೂಗಿದ. ಅಂದಿನಿಂದ ಕಚೇರಿ ತೆರೆದ ಕೂಡಲೇ ಮೊದಲು ಹಾನಗಲ್ಲನ್ನು ಎಬ್ಬಿಸಿ, ಆಮೇಲೆ ಉಳಿದವನ್ನು ಹಚ್ಚುವುದು ಅವನ ಪದ್ಧತಿಯಾಯಿತು. ಬುತ್ತಿಯ ವಿಷಯ ನಾನು ಅವನಿಗೂ ಹೇಳಿದ್ದೆ. "ಇರಲಿ ಬಿಡ್ರಿ ಅಕ್ಕಾರ, ಹಿರೇದು ಮೊದಲ ಏಳಬೇಕು" ಅನ್ನುತ್ತಿದ್ದ.

ಆ ಮಳೆಗಾಲದಲ್ಲಿ ಯಲ್ಲವ್ವನ ಹೊಲ ಪಾಸಾಯಿತು. ತಪಾಸಣೆಗೆ ಹೋದ ಸಾಹೇಬರು ಬಂದು, ಹಿರೇಕೆರೂರು ತಾಲೂಕಿನಲ್ಲಿ ಅವಳ ಸಾಲುಗಳಷ್ಟು ನೆಟ್ಟಗಿನ ಸಾಲು ಇಲ್ಲ ಅಂದರು. ಪ್ರತಿ ಸಾಲಿನ ತುದಿಗೆ ಕೋಲು ನೆಟ್ಟು, ರಟ್ಟಿನ ಮೇಲೆ ಇದ್ದಿಲಿನಿಂದ ತಾನೇ ಬರೆದಿದ್ದಳಂತೆ: ಗಂಡು, ಹೆಣ್ಣು. ಓಣಿಯವರು ಓದಲೆಂದೇ ದಾರಿಯ ಕಡೆ ಮುಖ ಮಾಡಿ ಕಟ್ಟಿದ್ದಳಂತೆ. ಕಾರ್ಯದರ್ಶಿಗಳ ಬಾಗಿಲಿನ ಇಂಗ್ಲಿಷ್ ಹಲಗೆಯ ಮೇಲೆ ಒಂದು ದಿನ ಕನ್ನಡದ ಕಾಗದ ಅಂಟಿತ್ತು. ಯಾರು ಹಚ್ಚಿದರೆಂದು ಯಾರೂ ಹೇಳಲಿಲ್ಲ. ಅಕ್ಷರ ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು; ನಮ್ಮ ಕಪಾಟಿನದೇ. ಹೋಗುತ್ತ ಬರುತ್ತ ದಿನಕ್ಕೆ ಎಷ್ಟು ಸಲ ಅದನ್ನು ಓದಿದೆನೋ. ನನ್ನ ಕೈಯಾರೆ ಆದ ಕೆಲಸ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡವಳಲ್ಲ ನಾನು. ಇವತ್ತು ಬರೆಯುತ್ತಿದ್ದೇನೆ.

ಈಗ ಆ ಸಂಘ ಬೇರೆ ಕಟ್ಟಡಕ್ಕೆ ಹೋಗಿದೆ, ಮಷಿನ್ನು ಯಾವ ಮೂಲೆ ಸೇರಿವೆಯೋ ಗೊತ್ತಿಲ್ಲ. ಯಲ್ಲವ್ವನ ಇಂಗ್ಲಿಷ್ ಚೀಟಿ ಎರಡು ನನ್ನ ಟ್ರಂಕಿನಲ್ಲಿವೆ. ಅವಳ ಕನ್ನಡದ ಚೀಟಿ ಅವಳ ಎಲೆಯಡಿಕೆ ಚೀಲದಲ್ಲಿ ಬಹಳ ವರ್ಷ ಇತ್ತು ಎಂದು ರೇಣುಕಾ ಫೋನಿನಲ್ಲಿ ಹೇಳಿದ್ದಳು.

ಇವತ್ತು ಜಗುಲಿ ಒಣಗಿದ ಮೇಲೆಯೂ ನಾನು ಎತ್ತುಗಳನ್ನು ಡಬ್ಬಿಯ ಮೇಲಿಂದ ಇಳಿಸಲಿಲ್ಲ. ಅಲ್ಲೇ ಪೂಜೆ ಮಾಡಿ, ಗ್ವಾದಲಿಗೆ ಜೋಳ ಹಾಕಿದೆ. ಯಜಮಾನರು ನೋಡಿ, "ಇವತ್ತ ಟಿ.ವಿ.ಗೂ ರಜಾ ಏನು?" ಅಂದರು. "ಟಿ.ವಿ.ಗೆ ರಜಾ. ಡಬ್ಬಿ ನಿಂದರ್ಲಿ" ಅಂದೆ. ಅವರಿಗೆ ತಿಳಿಯಲಿಲ್ಲ. ಅತ್ತೆಯವರಿಗೆ ತಿಳಿಯಿತು, ಹಲ್ಲಿಲ್ಲದ ಬಾಯಲ್ಲಿ ನಕ್ಕರು.

ಸಂಜೆ ಊಟಕ್ಕೆ ಹೋಳಿಗೆ, ತುಪ್ಪ, ಕಟ್ಟಿನ ಸಾರು, ಅನ್ನ, ಬೆಂಡೆಕಾಯಿ ಪಲ್ಯ. ಅತ್ತೆಯವರು ಎರಡು ಹೋಳಿಗೆ ತಿಂದು, ಮೂರನೆಯದನ್ನು ಬೇಡ ಬೇಡ ಅನ್ನುತ್ತಲೇ ತಿಂದರು. ಎಲ್ಲರಿಗಿಂತ ಮೊದಲು ಮಲಗಿದವರೂ ಅವರೇ, ಪಡಸಾಲೆಯಲ್ಲಿ, ಎತ್ತುಗಳ ಕಡೆ ಮುಖ ಮಾಡಿ.